ಒಂದೇ ಫೋಟೊ, ಎರಡು ಪೋಸ್ಟರ್

ಲಿಂಗಸುಗೂರಿನ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ನಾನು ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದಾಗಿನ ಮಾತು. ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಮಸ್ಕಿ ಬೇರೆ ತಾಲ್ಲೂಕಾಗಿದ್ದರೂ ಅಲ್ಲಿನ ಹಳ್ಳಿಗಳ ಪ್ರಚಾರದ ಕೆಲಸ ಆಗ ನನ್ನ ಮೇಲೆಯೇ ಇತ್ತು. ಈ ಹುದ್ದೆಯಲ್ಲಿರುವವರು ಸೂಜಿ ಚುಚ್ಚುವುದಿಲ್ಲ, ಔಷಧಿ ಚೀಟಿ ಬರೆಯುವುದಿಲ್ಲ. ಗೋಡೆಬರಹ, ಪೋಸ್ಟರ್, ಹಳ್ಳಿ ಸಭೆ, ಜಾಥಾ ಇವೇ ನಮ್ಮ ಔಷಧಿ. ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದವಳು. ಹಳ್ಳಿಯವರ ಬಾಯಲ್ಲಿ ಮೊದಲಿನಿಂದ ಕೊನೆಯವರೆಗೂ ‘ಅಕ್ಕೋರು’ ಆಗಿಯೇ ಉಳಿದೆ.

ಆ ಅಕ್ಕೋರು ತನ್ನ ನೌಕರಿಯ ಬಹುಪಾಲನ್ನು ಕಳೆದದ್ದು ಒಂದೇ ಮಾತು ಹೇಳುತ್ತ. ಎರಡು ಮಕ್ಕಳು ಸಾಕು, ಮೊದಲ ಮಗುವಿಗೆ ಆತುರ ಬೇಡ, ನಡುವೆ ಅಂತರ ಇರಲಿ. ಸಂತೆಯಲ್ಲಿ ನನ್ನನ್ನು ಕಂಡರೆ ಕೆಲವು ಗಂಡಸರು ದಾರಿ ಬದಲಿಸುತ್ತಿದ್ದರು, ಎಲ್ಲಿ ಆಪರೇಶನ್ನಿಗೆ ಎಳೆದುಕೊಂಡು ಹೋಗುತ್ತೇನೋ ಎಂದು. ಅಂಥವಳ ಮೇಜಿನ ಮೇಲೆ ಒಂದು ದಿನ ಹೊಸ ಸುತ್ತೋಲೆ ಬಂದು ಬಿತ್ತು. ಯುವಕರು ಮದುವೆ ಮುಂದೂಡುತ್ತಿದ್ದಾರೆ, ದಂಪತಿಗಳು ಮಗು ಮುಂದೂಡುತ್ತಿದ್ದಾರೆ. ಸಕಾಲಕ್ಕೆ ಮದುವೆ, ಸಕಾಲಕ್ಕೆ ಮಗು ಎಂದು ಜನರನ್ನು ಹುರಿದುಂಬಿಸಬೇಕು. ಅದೂ ಗೋಡೆಯ ಮೇಲಲ್ಲ, ಫೇಸ್‌ಬುಕ್ ಪುಟದಲ್ಲಿ. ನಾನು ಆ ಕಾಗದವನ್ನು ಎರಡು ಸಲ ಓದಿದೆ. ಇಷ್ಟು ವರ್ಷ ಬ್ರೇಕ್ ತುಳಿದವಳಿಗೆ ಈಗ ಆಕ್ಸಿಲರೇಟರ್ ತುಳಿ ಎಂದಿದ್ದರು.

ಪೋಸ್ಟರಿಗೆ ಒಂದು ಸುಂದರ ಜೋಡಿಯ ಫೋಟೊ ಬೇಕಿತ್ತು. ನಮ್ಮ ಇಲಾಖೆಯಲ್ಲಿ ಒಂದು ರೂಢಿ ಇದೆ. ಚೆನ್ನಾಗಿ ಬಂದ ಫೋಟೊ ಒಮ್ಮೆ ಫೈಲು ಸೇರಿತೆಂದರೆ ಅದಕ್ಕೆ ಬಿಡುಗಡೆಯೇ ಇಲ್ಲ. ಸೊಳ್ಳೆ ಪರದೆಗೂ ಅದೇ, ಪೋಲಿಯೊ ಹನಿಗೂ ಅದೇ. ನನ್ನ ಫೈಲಿನಲ್ಲಿ ಮಸ್ಕಿ ಕಡೆಯ ಪಾಮನಕಲ್ಲೂರಿನ ಗಂಡ ಹೆಂಡತಿಯ ಫೋಟೊ ಇತ್ತು. ನಾಲ್ಕು ವರ್ಷ ಹಿಂದೆ ನಾನೇ ವೇದಿಕೆಗೆ ಕರೆದು ‘ಮಾದರಿ ದಂಪತಿ’ ಎಂದು ಪ್ರಮಾಣಪತ್ರ ಕೊಡಿಸಿದ್ದೆ. ಹುಡುಗಿ ಶರಣಮ್ಮ, ಹುಡುಗ ಅಮರೇಶ. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ. ಮದುವೆಯಾಗಿ ಮೂರು ವರ್ಷವಾದರೂ ಮೊದಲ ಮಗುವಿಗೆ ಅವಸರ ಮಾಡದ ಜೋಡಿ ಎಂಬುದು ಅವರ ಹೆಗ್ಗಳಿಕೆ. ಅದನ್ನು ನಾನು ತಿಳಿದದ್ದು ಅರ್ಹ ದಂಪತಿ ರಿಜಿಸ್ಟರಿನಿಂದ. ಮಕ್ಕಳಾಗುವ ವಯಸ್ಸಿನ ಪ್ರತಿ ಜೋಡಿಯ ಹೆಸರು, ಮಕ್ಕಳೆಷ್ಟು, ಯಾವ ವಿಧಾನ ಬಳಸುತ್ತಾರೆ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಬರೆದುಕೊಳ್ಳುವ ದೊಡ್ಡ ಪುಸ್ತಕ ಅದು. ಶರಣಮ್ಮನ ಸಾಲಿನಲ್ಲಿ ಮಕ್ಕಳು ಸೊನ್ನೆ, ವಿಧಾನ ಗುಳಿಗೆ ಎಂದಿತ್ತು. ಆಗ ಅವರ ನಗುಮುಖವನ್ನು ಲಿಂಗಸುಗೂರು ಬಸ್ ಸ್ಟ್ಯಾಂಡಿನ ಗೋಡೆಗೆ ‘ಮೊದಲ ಮಗುವಿಗೆ ಆತುರ ಬೇಡ’ ಎಂಬ ಸಾಲಿನ ಜೊತೆ ಹಚ್ಚಿದ್ದೆವು. ಈಗ ಅದೇ ನಗುಮುಖದ ಕೆಳಗೆ ‘ಸಕಾಲಕ್ಕೆ ಮಗು, ಸಂಸಾರಕ್ಕೆ ನಗು’ ಎಂದು ಬರೆಸಿ ಪುಟಕ್ಕೆ ಹಾಕಿದೆ. ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಮೆಂಟುಗಳು ಶುರುವಾದವು. ನಮ್ಮ ಪುಟಕ್ಕೆ ಅಲ್ಲಿಯವರೆಗೆ ಬರುತ್ತಿದ್ದುದು ನಮ್ಮದೇ ಸಿಬ್ಬಂದಿಯ ಕೈ ಮುಗಿಯುವ ಚಿತ್ರ ಮಾತ್ರ. ಅವತ್ತು ಜನ ಮುಗಿಬಿದ್ದರು.

“ಅಕ್ಕೋರ, ಮೊದ್ಲ ಹೆಣ್ಣ ಹುಡುಕಿ ಕೊಡ್ರಿ, ಕೂಸಿಂದು ನಾವ ನೋಡ್ಕೊಂತೀವಿ” ಎಂದು ಸಿಂಧನೂರಿನ ಒಬ್ಬ. “ಗದ್ದಿ ಐತಿ, ಮನಿ ಐತಿ, ಹುಡುಗಿ ಕಡೆಯವ್ರು ನೌಕರಿ ಕೇಳ್ತಾರ. ಪೋಸ್ಟರ್ ತೋರಿಸಿದ್ರ ಕೊಡ್ತಾರೇನ್ರಿ?” ಎಂದು ಇನ್ನೊಬ್ಬ. “ನಮ್ಮ ಅವ್ವಗ ಎರಡಾದ ಕೂಡ್ಲೆ ಆಪರೇಶನ್ ಮಾಡ್ಸಿದ್ದು ನೀವ. ಈಗ ಬಿಚ್ಚಸ್ತೀರೇನು?” ಎಂದು ಮತ್ತೊಬ್ಬ. ಒಬ್ಬ ಹೆಣ್ಣುಮಗಳು ಬರೆದದ್ದು ಮಾತ್ರ ನನ್ನನ್ನು ಸ್ವಲ್ಪ ಹಿಡಿದು ನಿಲ್ಲಿಸಿತು: “ಹಡೀರಿ ಅಂತ ಹೇಳಾವ್ರು, ಹಡದ ಮ್ಯಾಲ ಕೂಸಿನ್ನ ಯಾರ ಹತ್ರ ಬಿಟ್ಟು ಕೂಲಿಗೆ ಹೋಗ್ಬೇಕು ಅದನ್ನೂ ಹೇಳ್ರಿ.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಇಲಾಖೆಯ ಹೆಸರಿನಲ್ಲಿ ‘ದಯವಿಟ್ಟು ಸಭ್ಯ ಭಾಷೆ ಬಳಸಿ’ ಎಂದು ಬರೆದೆ. ಅಷ್ಟು ಸಾಕಾಯಿತು ಅವರಿಗೆ. ಯಾರೋ ಪುಣ್ಯಾತ್ಮ ಬಸ್ ಸ್ಟ್ಯಾಂಡಿಗೆ ಹೋಗಿ, ಬಣ್ಣ ಮಾಸಿದರೂ ಗೋಡೆ ಬಿಡದ ಹಳೆಯ ಪೋಸ್ಟರಿನ ಫೋಟೊ ತೆಗೆದು, ಹೊಸದರ ಪಕ್ಕಕ್ಕೆ ಜೋಡಿಸಿ ಹಾಕಿದ. ಎಡಗಡೆ ‘ಆತುರ ಬೇಡ’, ಬಲಗಡೆ ‘ಸಕಾಲಕ್ಕೆ ಮಗು’, ಎರಡರಲ್ಲೂ ಅದೇ ಸೀರೆ, ಅದೇ ನಗು. ಕೆಳಗೆ ಒಂದೇ ಸಾಲು: “ಸರ್ಕಾರ ಮನಸ್ಸು ಬದಲ್ ಮಾಡೈತಿ, ಸೀರಿ ಬದಲ್ ಮಾಡಿಲ್ಲ.” ಸಂಜೆಯಾಗುವುದರೊಳಗೆ ಅದು ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರುಗಳ ವಾಟ್ಸ್ಆ್ಯಪ್ ಗುಂಪುಗಳನ್ನು ಸುತ್ತಿ ಬಂತು. ನಿಜ ಹೇಳುತ್ತೇನೆ, ಸಿಟ್ಟಿನ ನಡುವೆಯೂ ನನಗೆ ನಗು ಬಂತು.

ಆ ನಗು ನಿಂತದ್ದು ಮರುದಿನ ಬೆಳಗ್ಗೆ. ಪಾಮನಕಲ್ಲೂರಿನವನೇ ಒಬ್ಬ ಹಿಂದಿನ ಸಂಜೆ ಬರೆದಿದ್ದ: “ಈ ಹೆಣ್ಣಮಗಳು ನಮ್ಮೂರಾಕಿ. ಆತುರನೂ ಇಲ್ಲ, ಸಕಾಲನೂ ಇಲ್ಲ. ಮದಿವ್ಯಾಗಿ ಏಳು ವರ್ಷ ಆತು, ಬಂಜಿ ಅದಾಳ. ಇಂಥಾಕಿ ಫೋಟೊ ಹಾಕಿ ನಮಗ ಹಡೀರಿ ಅಂತಾರ.” ಅದರ ಕೆಳಗೆ ನಗುವ ಮುಖಗಳ ಸಾಲು ಬೆಳೆಯುತ್ತಲೇ ಇತ್ತು.

ಅದೇ ದಿನ, ಬುಧವಾರ, ಹನ್ನೊಂದರ ಹೊತ್ತಿಗೆ ಶರಣಮ್ಮ ಮಸ್ಕಿಯಲ್ಲಿ ಬಸ್ಸು ಬದಲಿಸಿ ನನ್ನ ಕಚೇರಿಗೆ ಬಂದಳು. ಕೈಯಲ್ಲಿ ಒಂದು ಬಟ್ಟೆಚೀಲ. ಅದರಿಂದ ಫ್ರೇಮ್ ಹಾಕಿಸಿದ್ದ ನಮ್ಮ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. ಅಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಅಕ್ಕೋರ, ನಾ ಯಾವ ಗುಳಿಗಿನೂ ನುಂಗಿಲ್ರಿ” ಎಂದಳು. “ನಿಮ್ಮ ಆಶಾ ಬಾಯಿ ಬಂದು ಮಕ್ಕಳ್ಯಾಕಿಲ್ಲ, ಗುಳಿಗಿ ತಗೊಳ್ಳಾಕತ್ತಿಯೇನು ಅಂತ ಕೇಳಿದ್ಲು. ಬಾಜೂಕ ಅತ್ತಿ ಕುಂತಿದ್ಲು. ಹೂಂ ಅಂದೆ. ತಡ ಮಾಡಾಕತ್ತೀವಿ ಅಂದ್ರ ಮರ್ಯಾದಿ ಉಳೀತೈತಿ ಅನಿಸ್ತು.”

“ಅತ್ತೆ ಸುಮ್ಮನಿದ್ದಳೇ?”

“ದಿನಾ ಬೈದಾಳ, ಗುಳಿಗಿ ಬಿಡು ಅಂತ. ಬೈಲಿ ಬಿಡ್ರಿ. ಗುಳಿಗಿಗೆ ಬೈಸ್ಕೊಳ್ಳೋದು ಬ್ಯಾರೆ, ಬಂಜಿ ಅನಿಸ್ಕೊಳ್ಳೋದು ಬ್ಯಾರೆ. ಸರ್ಕಾರದವ್ರ ಕೊಟ್ಟಾರ ನೋಡು ಅಂತ ಈ ಕಾಗದ ಗ್ವಾಡಿಗೆ ಹಾಕಿದ್ದೆ. ನಾಕ ವರ್ಷ ಇದ ನನ್ನ ಕಾಯ್ದೈತ್ರಿ. ಈಗ ನೀವ ಮಗು ಮಾಡ್ಕೊಳ್ರಿ ಅಂತ ಹಾಕೀರಿ. ಇನ್ನ ಏನ್ ಹೇಳ್ಲಿ?”

ನಾನು ಆದರ್ಶವೆಂದು ಚಪ್ಪಾಳೆ ತಟ್ಟಿಸಿದ್ದು ಒಬ್ಬ ಹೆಣ್ಣುಮಗಳ ಸಂಕಟಕ್ಕೆ ಎಂದು ಆಗ ಗೊತ್ತಾಯಿತು. ನಮಗೆ ಸೊನ್ನೆ ಕಂಡರೆ ಖುಷಿಯಾಗುತ್ತಿತ್ತು. ಸೊನ್ನೆ ಯಾಕೆ ಎಂದು ಕೇಳುವ ಅಭ್ಯಾಸ ಇರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಇನ್ನೊಂದು ಸುದ್ದಿಯನ್ನು ಅವಳು ಕೊನೆಗೆ ಹೇಳಿದಳು. ಕಾಮೆಂಟನ್ನು ಯಾರೋ ಅತ್ತೆ ಗಂಗಮ್ಮನಿಗೆ ಓದಿ ಹೇಳಿದ್ದರು. ಗಂಗಮ್ಮ ರಾತ್ರಿಯೇ ನಾಲ್ಕು ಕಡೆ ಫೋನ್ ಮಾಡಿಸಿ, ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಮಗನಿಗೆ ಇನ್ನೊಂದು ಹೆಣ್ಣು ಗೊತ್ತುಮಾಡಿದ್ದಳು. ಸೋಮವಾರ ನೋಡಲು ಹೋಗುವುದು ಎಂದಾಗಿತ್ತು.

ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾನೂನಿಗೆ ವಿರುದ್ಧ, ಪೊಲೀಸರಿಗೆ ಹೇಳೋಣ ಎಂದೆ. “ಪೊಲೀಸ್ರು ಮದಿವಿ ನಿಲ್ಲಸ್ತಾರ್ರಿ. ನಮ್ಮತ್ತಿ ಬಾಯಿ ನಿಲ್ಲಸ್ತಾರೇನು?” ಎಂದಳು. ಹಾಗಾದರೆ ಆ ಪೋಸ್ಟನ್ನಾದರೂ ಈಗಲೇ ತೆಗೆದುಬಿಡುತ್ತೇನೆ ಎಂದು ಮೊಬೈಲ್ ಕೈಗೆತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು.

“ತಗೀಬ್ಯಾಡ್ರಿ. ಈಗ ತಗದ್ರ ಅವ್ರು ಅಂದಿದ್ದು ಖರೇ ಅಂತ ಆಗ್ತೈತಿ. ನಾ ಬಂಜಿ ಅಲ್ಲ ಅಂತ ಅಲ್ಲೇ, ಆ ಮಾತಿನ ಕೆಳಗೇ ಯಾರರ ಬರೀಬೇಕು.”

ಬಟ್ಟೆಚೀಲದ ತಳದಿಂದ ಮೂರು ರಿಪೋರ್ಟು ತೆಗೆದಳು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಇನ್ನೊಂದು ಸ್ಕ್ಯಾನಿಂಗ್. ತವರಿಗೆ ಹೋಗುತ್ತೇನೆಂದು ಹೇಳಿ ಒಬ್ಬಳೇ ಮಾಡಿಸಿಕೊಂಡಿದ್ದಳಂತೆ. ಎಲ್ಲದರಲ್ಲೂ ನಾರ್ಮಲ್. ಅಮರೇಶನ ರಿಪೋರ್ಟ್ ಎಲ್ಲಿ ಎಂದೆ. “ಡಾಕ್ಟ್ರು ಗಂಡನ್ನ ಕರಕೊಂಡು ಬಾ ಅಂದ್ರು. ಆ ಮಾತ ಮನ್ಯಾಗ ಹ್ಯಾಂಗ ಆಡ್ಲಿ ಅಕ್ಕೋರ?” ಎಂದಳು. ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷಿಸಬೇಕು ಎಂಬುದು ನರ್ಸಿಂಗ್ ಓದುವ ಹುಡುಗಿಯರಿಗೂ ಗೊತ್ತು. ಆದರೆ ನಮ್ಮ ಅಷ್ಟು ದೊಡ್ಡ ರಿಜಿಸ್ಟರಿನಲ್ಲಿ ಗಂಡನ ಹೆಸರಿಗೆ, ವಯಸ್ಸಿಗೆ ಜಾಗ ಇತ್ತೇ ಹೊರತು ಅವನ ಪರೀಕ್ಷೆಗೆ ಒಂದು ಅಂಕಣ ಇರಲಿಲ್ಲ.

ಅಮರೇಶನಿಗೆ ತೋರಿಸಲೆಂದು ರಿಪೋರ್ಟುಗಳನ್ನು ನನ್ನ ಹತ್ತಿರ ಬಿಟ್ಟು ಅವಳು ಹೋದ ಮೇಲೆ ಜಿಲ್ಲಾ ಕಚೇರಿಯಿಂದ ಫೋನ್ ಬಂತು. ಪೋಸ್ಟ್ ನಗೆಪಾಟಲಾಗಿದೆ, ಕೂಡಲೇ ಡಿಲೀಟ್ ಮಾಡಿ ಎಂದು ಮೇಲಧಿಕಾರಿ ಗದರಿದರು. “ಸರ್, ನಮ್ಮಲ್ಲಿ ನೆಟ್ ಹೋಗಿದೆ. ಸೋಮವಾರದವರೆಗೆ ಬರುವ ಲಕ್ಷಣ ಇಲ್ಲ” ಎಂದೆ. ಇಡೀ ಸರ್ವಿಸಿನಲ್ಲಿ ಮೇಲಿನವರಿಗೆ ನಾನು ಹೇಳಿದ ಚೊಕ್ಕ ಸುಳ್ಳು ಅದೊಂದೇ, ಮತ್ತು ಅದರ ಬಗ್ಗೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಅಮರೇಶ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್. ಕೊಯ್ಲಿನ ಕಾಲವಾದ್ದರಿಂದ ವಾರದಿಂದ ಮನೆ ಮುಖ ನೋಡದೆ ಸಿಂಧನೂರು ಕಡೆಯ ಗದ್ದೆಗಳಲ್ಲಿದ್ದ. ಗುರುವಾರ ರಜೆ ಹಾಕಿ ಬಸ್ಸು ಹಿಡಿದು ಹೋದೆ. ಕಾಲುವೆ ಪಕ್ಕದ ಗದ್ದೆಯಲ್ಲಿ ಮಷಿನ್ ಕೆಟ್ಟು ನಿಂತಿತ್ತು, ಅಮರೇಶ ಅದರ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ನನ್ನನ್ನು ನೋಡಿದ್ದೇ ಬಾಯಲ್ಲಿದ್ದ ಗುಟ್ಕಾ ಉಗುಳಿ ಎದ್ದು ನಿಂತ. ಒಳ್ಳೆಯ ಹುಡುಗ, ಕೆಟ್ಟವನಲ್ಲ. ತಾಯಿಯ ಎದುರು ಬಾಯಿ ತೆರೆಯದವನು, ಅಷ್ಟೇ. ಅಷ್ಟೇ ಎನ್ನುವುದು ಹೆಂಡತಿಯ ಪಾಲಿಗೆ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿರಲಿಲ್ಲ.

“ಸೋಮವಾರ ಹೆಣ್ಣು ನೋಡಲಿಕ್ಕೆ ಹೋಗ್ತೀಯಂತೆ?” ಎಂದೆ.

“ಅವ್ವ ಹಟ ಹಿಡದಾಳ್ರಿ. ನಾ ಏನ್ ಮಾಡ್ಲಿ?”

“ಈ ಮಷಿನ್ ನಿಂತಿದೆಯಲ್ಲ, ಈಗ ಏನು ಮಾಡ್ತಿದ್ದೀ?”

“ಬಿಚ್ಚಿ ನೋಡಾಕತ್ತೀನ್ರಿ, ಎಲ್ಲಿ ಬಿಗಿದೈತಿ ಅಂತ.”

“ಒಂದೇ ಕಡೆ ಬಿಚ್ಚಿ ನೋಡಿ, ಅಲ್ಲಿ ಎಲ್ಲಾ ಸರಿ ಇದ್ದರೂ ಅಲ್ಲೇ ಕೆಟ್ಟಿದೆ ಅಂತ ಏಳು ವರ್ಷ ಬಡಿತೀಯೇನು? ಇಲ್ಲಾ ಇನ್ನೊಂದು ಕಡೆನೂ ನೋಡ್ತೀಯಾ?”

ಅವನಿಗೆ ತಿಳಿಯಿತು. ಕಿವಿ ಕೆಂಪಾದವು. ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತ ನಿಂತ. ಶರಣಮ್ಮನ ಮೂರು ರಿಪೋರ್ಟುಗಳನ್ನು ಅವನ ಕೈಗಿಟ್ಟೆ. ಗ್ರೀಸ್ ಹತ್ತಿದ ಬೆರಳಿನಿಂದಲೇ ಒಂದೊಂದಾಗಿ ಮಗುಚಿದ. ಅವಳು ಒಬ್ಬಳೇ ಹೋಗಿ ಮಾಡಿಸಿದ್ದಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. “ಅವ್ವಗ ಗೊತ್ತಾಗಬಾರ್ದು” ಎಂದ ಕೊನೆಗೆ. ಅದು ನಿನ್ನ ಇಷ್ಟ, ಮೊದಲು ಪರೀಕ್ಷೆಗೆ ಬಾ ಎಂದೆ.

ಗಂಡಸಿನ ವೀರ್ಯ ಪರೀಕ್ಷೆ ದೊಡ್ಡ ಸಂಗತಿಯೇನಲ್ಲ. ಸೂಜಿ ಇಲ್ಲ, ನೋವಿಲ್ಲ, ಎರಡು ಮೂರು ದಿನ ಹೆಂಡತಿಯಿಂದ ದೂರ ಇದ್ದು ಮಾದರಿ ಕೊಟ್ಟರೆ ಮುಗಿಯಿತು. ವಾರದಿಂದ ಗದ್ದೆಯಲ್ಲೇ ಇದ್ದವನಿಗೆ ಅದರ ಚಿಂತೆಯೂ ಇರಲಿಲ್ಲ. ಶುಕ್ರವಾರ ಸಿಂಧನೂರಿನಲ್ಲಿ ಮಾದರಿ ಕೊಟ್ಟ. ಶನಿವಾರ ರಿಪೋರ್ಟ್ ಹಿಡಿದು ಡಾಕ್ಟರ್ ಎದುರು ಕುಳಿತೆವು, ಶರಣಮ್ಮನೂ ಬಂದಿದ್ದಳು. ವೀರ್ಯಾಣುಗಳ ಸಂಖ್ಯೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇತ್ತು. ಡಾಕ್ಟರ್ ಹೆಣ್ಣುಮಗಳು, ನೇರ ಮಾತಿನವರು. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು, ಇಂಜಿನ್ನಿನ ಕಾವಿನ ಮೇಲೆ ದಿನವಿಡೀ ಕೂರುವುದು, ಗುಟ್ಕಾ ಇವೂ ಕಾರಣವಿರಬಹುದು, ಚಿಕಿತ್ಸೆ ಇದೆ, ಗ್ಯಾರಂಟಿ ಕೊಡುವುದಿಲ್ಲ ಎಂದರು. ಆಮೇಲೆ ಶರಣಮ್ಮನ ರಿಪೋರ್ಟುಗಳನ್ನು ನೋಡಿ, “ನಿನ್ನಲ್ಲಿ ಯಾವ ತೊಂದರೆಯೂ ಇಲ್ಲಮ್ಮ” ಎಂದರು. ಆಗ ಶರಣಮ್ಮ ಅತ್ತಳು. ಬುಧವಾರದಿಂದ ತಡೆದಿದ್ದ ಅಳು ಅದು.

ಹೊರಗೆ ಬೆಂಚಿನ ಮೇಲೆ ಕುಳಿತು ಅಮರೇಶ ತನ್ನ ರಿಪೋರ್ಟನ್ನು ಮಡಚಿ ಜೇಬಿಗಿಟ್ಟ. “ಅಕ್ಕೋರ, ಈಗ ನಾ ಏನ್ ಮಾಡ್ಬೇಕು?” ಎಂದ.

“ನನ್ನನ್ನು ಕೇಳಬೇಡ. ಏಳು ವರ್ಷ ಅನ್ನಿಸಿಕೊಂಡವಳು ಪಕ್ಕದಲ್ಲೇ ಇದ್ದಾಳೆ, ಅವಳನ್ನು ಕೇಳು” ಎಂದು ನಾನು ಬಸ್ಸಿಗೆ ಎದ್ದೆ. ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ಚಹಾ ಕಾಯಿಸುತ್ತಿದ್ದಾಗ ಮೊಬೈಲ್ ಸದ್ದು ಮಾಡಿತು. ಆ ಊರಿನವನ ಕಾಮೆಂಟಿನ ಕೆಳಗೇ, ನಗುವ ಮುಖಗಳ ಸಾಲಿನ ಕೆಳಗೇ, ಅಮರೇಶ ಬರೆದಿದ್ದ:

“ಫೋಟೋದಾಗ ಇರಾಂವ ನಾನ. ನನ್ನ ಹೆಂಡ್ತಿ ರಿಪೋರ್ಟ್ ಎಲ್ಲಾ ಬರೋಬ್ಬರಿ ಅದಾವ. ಕಮ್ಮಿ ಇರೋದು ನನ್ನ ಕಡೆ. ಡಾಕ್ಟ್ರು ಔಷಧ ಕೊಟ್ಟಾರ, ತಗೊಳ್ಳಾಕತ್ತೀನಿ. ಏಳು ವರ್ಷ ಆಕಿ ಅನಿಸ್ಕೊಂಡ್ಲು, ನಾ ಸುಮ್ನ ಕುಂತಿದ್ದೆ. ಅದು ನನ್ನ ತಪ್ಪು. ಇನ್ನ ಯಾರರ ಏನರ ಅನ್ನೋದಿದ್ರ ನನಗ ಅನ್ರಿ. ಮಷಿನ್ ಮ್ಯಾಲ ಇರ್ತೀನಿ, ಸಿಗ್ತೀನಿ.”

ಚಹಾ ಉಕ್ಕಿ ಒಲೆ ಆರಿತು, ನಾನು ಲೆಕ್ಕಿಸಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಸೀಮೆಯಲ್ಲಿ ಒಬ್ಬ ಗಂಡಸು, ಊರು ಓದುವ ಕಡೆ, ಹೆಸರು ಸಮೇತ ಈ ಮಾತು ಬರೆದಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಒಂದು ತಾಸಿನ ಮೇಲೆ ‘ಹೆಣ್ಣ ಹುಡುಕಿ ಕೊಡ್ರಿ’ ಎಂದು ಗೇಲಿ ಮಾಡಿದ್ದ ಸಿಂಧನೂರಿನವನೇ ಮೊದಲು ಬರೆದ: “ಅಣ್ಣಾ, ನೀ ಖರೇ ಗಂಡಸ.” ಅದರ ಹಿಂದೆ ಸಾಲುಸಾಲು ಬಂದವು. ಬಂಜಿ ಎಂದವನು ತನ್ನ ಕಾಮೆಂಟಿನಿಂದ ಆ ಶಬ್ದವನ್ನು ಅಳಿಸಿ ಜಾಗ ಖಾಲಿ ಮಾಡಿದ. ಎಲ್ಲಕ್ಕಿಂತ ಹೆಚ್ಚಿನದು ನಡೆದದ್ದು ಪುಟದ ಒಳಗಿನ ಇನ್‌ಬಾಕ್ಸಿನಲ್ಲಿ. “ಅಕ್ಕೋರ, ಆ ಟೆಸ್ಟ್ ಎಲ್ಲಿ ಮಾಡ್ತಾರ್ರಿ? ನನ್ನ ಹೆಸರು ಹೇಳಬ್ಯಾಡ್ರಿ” ಎಂಬ ಅರ್ಥದ ಸಂದೇಶಗಳು ಆ ವಾರವಿಡೀ ಬಂದವು, ಎಲ್ಲವೂ ಗಂಡಸರವು. ಸಾವಿರ ಪೋಸ್ಟರ್ ಹಚ್ಚಿದ್ದರೂ ಅವರಲ್ಲಿ ಒಬ್ಬನೂ ಬಾಗಿಲಿಗೆ ಬರುತ್ತಿರಲಿಲ್ಲ. ಡಿಲೀಟ್ ಮಾಡಿ ಎಂದಿದ್ದ ಮೇಲಧಿಕಾರಿ ಮಂಗಳವಾರ ಫೋನ್ ಮಾಡಿ, “ಆ ಪೋಸ್ಟ್ ಹಾಗೇ ಇರಲಿ, ಉಳಿದ ತಾಲ್ಲೂಕಿನವರಿಗೂ ಕಳಿಸಿ. ನಿಮ್ಮ ನೆಟ್ ಬಂತಲ್ಲ?” ಎಂದರು. ಬಂತು ಸರ್ ಎಂದೆ. ಸೋಮವಾರ ಹೆಣ್ಣು ನೋಡಲು ಯಾರೂ ಹೋಗಿರಲಿಲ್ಲ.

ಆದರೆ ಗಂಗಮ್ಮ ಏನೂ ಮಾತಾಡದೆ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ ಎಂದು ಶರಣಮ್ಮ ಫೋನಿನಲ್ಲಿ ಹೇಳಿದ್ದಳು. ಅದರ ಭಯ ನನಗೆ ಇದ್ದೇ ಇತ್ತು. ‘ಸಕಾಲಕ್ಕೆ ಮಗು’ ಆಂದೋಲನದ ಕೊನೆಗೆ ಮಸ್ಕಿಯಲ್ಲಿ ಬಸುರಿಯರಿಗೆ ಸಾಮೂಹಿಕ ಕುಬಸ ಇಟ್ಟುಕೊಂಡಿದ್ದೆವು. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಹಸಿರು ಬಳೆ ತೊಡಿಸಿ, ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತುಂಬುತ್ತಾರೆ. ಮಕ್ಕಳಾಗದ ಮುತ್ತೈದೆಯನ್ನು ಉಡಿ ತುಂಬಲು ಕರೆಯುವುದಿಲ್ಲ. ಬರೆದಿಟ್ಟ ನಿಯಮವಲ್ಲ, ಕರೆಯುವುದಿಲ್ಲ, ಅವಳೂ ಮುಂದೆ ಬರುವುದಿಲ್ಲ, ಹಿಂದೆ ನಿಂತು ಬಾಳೆಹಣ್ಣು ಎಣಿಸುತ್ತಾಳೆ. ಶರಣಮ್ಮ ಏಳು ವರ್ಷ ಹಾಗೆ ನಿಂತವಳು. ಅತ್ತೆ, ಸೊಸೆ ಇಬ್ಬರನ್ನೂ ನಾನೇ ಕರೆಸಿದ್ದೆ. ಮೈಕ್ ಹಿಡಿದು, ಮೊದಲ ಉಡಿಯನ್ನು ಪಾಮನಕಲ್ಲೂರಿನ ಶರಣಮ್ಮ ತುಂಬುತ್ತಾಳೆ ಎಂದೆ.

ಹೆಂಗಸರ ನಡುವೆ ಗುಜುಗುಜು ಎದ್ದಿತು. ಶರಣಮ್ಮ ಕಂಬದ ಹತ್ತಿರ ನಿಂತಲ್ಲೇ ನಿಂತಳು. ಆಗ ಮುಂದಿನ ಸಾಲಿನಿಂದ ಗಂಗಮ್ಮ ಎದ್ದಳು. ಎಲ್ಲಿ ಬಾಯಿ ಮಾಡುತ್ತಾಳೋ ಎಂದು ನಾನು ಮೈಕ್ ಆಫ್ ಮಾಡಿದೆ. ಆಕೆ ನೇರ ಹೋಗಿ ಅಕ್ಕಿಯ ತಟ್ಟೆ ಎತ್ತಿಕೊಂಡು ಸೊಸೆಯ ಕೈಗೆ ಕೊಟ್ಟಳು.

“ಯಾಕ ನಿಂತಿ ಬೇ? ತಪ್ಪು ನಮ್ಮ ಹುಡುಗಂದು, ಅಂದೋರು ನಾವು. ನಿನ್ನ ಕೈಗೇನಾಗೈತಿ? ಹಾಕು” ಎಂದಳು. ತಟ್ಟೆ ಬಿಡುವ ಮೊದಲು, “ಗಟ್ಟಿ ಹಿಡಿ, ಅಕ್ಕಿ ಚೆಲ್ಲೀಯವ್ವ” ಎಂದು ಗದರಿದಳು ಕೂಡ.

ಉಡಿಯೊಡ್ಡಿ ಕುಳಿತಿದ್ದ ಬಸುರಿ ಹುಡುಗಿ ಸೆರಗನ್ನು ಇನ್ನಷ್ಟು ಅಗಲ ಮಾಡಿ “ಹಾಕಕ್ಕಾ” ಎಂದಳು. ಶರಣಮ್ಮ ಅಕ್ಕಿ ಹಾಕಿದಳು. ಒಂದು ಕಾಳೂ ಚೆಲ್ಲಲಿಲ್ಲ. ಆಮೇಲೆ ಅವಳು ಕೂರಲೇ ಇಲ್ಲ, ಆ ದಿನ ಅಲ್ಲಿದ್ದ ಅಷ್ಟೂ ಬಸುರಿಯರ ಉಡಿಯಲ್ಲಿ ಅವಳ ಕೈಯ ಅಕ್ಕಿ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅಮರೇಶ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಪುಟಕ್ಕೆ ಹಾಕಲೇ ಎಂದು ಈ ಸಲ ಇಬ್ಬರನ್ನೂ ಕೇಳಿಯೇ ಹಾಕಿದೆ.

ಆಂದೋಲನದಿಂದ ಎಷ್ಟು ಮದುವೆ, ಎಷ್ಟು ಮಕ್ಕಳು ಹೆಚ್ಚಾದವೋ ನನಗೆ ಗೊತ್ತಿಲ್ಲ. ಕೂಸನ್ನು ಯಾರ ಹತ್ತಿರ ಬಿಡಲಿ ಎಂದು ಕೇಳಿದ್ದ ಹೆಣ್ಣುಮಗಳನ್ನು ನಾನು ಮರೆಯಲಿಲ್ಲ. ಅವಳ ಮಾತನ್ನು ಹಾಗೆಯೇ ಬರೆದು ಮೇಲಕ್ಕೆ ಕಳಿಸಿದೆ. ನನ್ನ ಕೈಯಲ್ಲಿದ್ದ ಕೆಲಸವನ್ನು ಮಾತ್ರ ಬಿಡದೆ ಮಾಡಿದೆ. ನಿವೃತ್ತಿಯಾಗುವವರೆಗೆ ನಮ್ಮ ಹಳ್ಳಿಗಳ ರಿಜಿಸ್ಟರುಗಳಲ್ಲಿ ಬಾಲ್‌ಪೆನ್ನಿನಿಂದ ಎರಡು ಅಂಕಣ ಗೆರೆ ಎಳೆಸಿದೆ: ಮಕ್ಕಳು ಸೊನ್ನೆ ಇದ್ದರೆ ತಾವೇ ಬೇಡವೆಂದದ್ದೋ ಬೇಕೆಂದರೂ ಆಗದ್ದೋ, ಮತ್ತು ಗಂಡನ ಪರೀಕ್ಷೆ ಆಗಿದೆಯೋ ಇಲ್ಲವೋ. ಉತ್ತರವನ್ನು ಅತ್ತೆಯ ಎದುರು ಕೇಳಬಾರದು ಎಂದು ಪ್ರತಿ ಆಶಾ ಕಾರ್ಯಕರ್ತೆಗೂ ಹೇಳಿದೆ. ಜನರಿಗೆ ಬೇಡ ಎನ್ನುವುದಾಗಲಿ, ಬೇಕು ಎನ್ನುವುದಾಗಲಿ ಆಮೇಲಿನ ಮಾತು, ಮೊದಲು ಅವರನ್ನು ಕೇಳಬೇಕು ಎಂಬುದನ್ನು ಈ ನೌಕರಿ ನನಗೆ ಕಲಿಸಿದ್ದು ಮುಗಿಯುವ ಹೊತ್ತಿಗೆ.

ಇದನ್ನು ಬರೆಯಲು ಒಪ್ಪಿಗೆ ಕೇಳಲು ಈಚೆಗೆ ಪಾಮನಕಲ್ಲೂರಿಗೆ ಹೋಗಿದ್ದೆ. “ಬರೀರಿ ಅಕ್ಕೋರ. ಹೆಸರು ಬದಲ್ ಮಾಡ್ರಿ ಸಾಕು” ಎಂದಳು ಶರಣಮ್ಮ. ಆಮೇಲೆ ಬಾಗಿಲವರೆಗೆ ಬಂದವಳು ನನ್ನನ್ನು ತಡೆದು, “ಮತ್ತ ಕಡೀಗೆ ಕೂಸು ಆತೋ ಇಲ್ಲೋ, ಅದನ್ನ ಬರೀಬ್ಯಾಡ್ರಿ” ಎಂದಳು.

“ಓದಿದವರು ಅದನ್ನೇ ಕೇಳ್ತಾರಲ್ಲವ್ವ?”

“ಕೇಳ್ಲಿ ಬಿಡ್ರಿ” ಎಂದು ನಕ್ಕಳು. ಪೋಸ್ಟರಿನಲ್ಲಿ ಇದ್ದುದಕ್ಕಿಂತ ಚೆಂದದ ನಗು ಅದು. “ಏಳು ವರ್ಷ ಬರೇ ಅದನ್ನ ಕೇಳ್ಯಾರ. ನಾ ಹ್ಯಾಂಗದೀನಿ ಅಂತ ಕೇಳಿದ್ರ, ಆರಾಮ ಅದಾಳ ಅಂತ ಹೇಳ್ರಿ.”

ಆರಾಮ ಇದ್ದಾಳೆ.